ಹಾಯಿದೋಣಿಯಲ್ಲಿ ಅಡುಗೆ: ಇಂಧನ ಮೊದಲು, ಒಲೆ ಆಮೇಲೆ

ನಮ್ಮ ಹಾಯಿದೋಣಿ 27 ಅಡಿಯದು. 1970ರ ದಶಕದಲ್ಲಿ ತಯಾರಾದದ್ದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡಾದಲ್ಲಿ ನಿಲ್ಲಿಸುತ್ತೇವೆ. ಅದರ ಜೊತೆಗೇ ಒಂದು ಒಲೆ ಬಂತು. ಪಂಪ್ ಹೊಡೆದು ಉರಿಸುವ ಆಲ್ಕೋಹಾಲ್ ಒಲೆ. ಆ ಕಾಲದ ಅಮೆರಿಕದ ಸಣ್ಣ ದೋಣಿಗಳಲ್ಲಿ ಇಂಥ ಒಲೆಯೇ ಸಾಮಾನ್ಯವಾಗಿತ್ತು.

ಮೊದಲ ದಿನ ಕಾಫಿಗೆ ನೀರಿಡಲು ಹೋದೆ. ಬರ್ನರ್ ಬಿಸಿ ಮಾಡಲು ಕೆಳಗಿನ ಬಟ್ಟಲಿಗೆ ಆಲ್ಕೋಹಾಲ್ ಬಿಡಬೇಕು. ಅದು ಸ್ವಲ್ಪ ಜಾಸ್ತಿ ಬಿತ್ತು. ಬೆಂಕಿ ಒಂದೂವರೆ ಅಡಿ ಎದ್ದಿತು. ಕಿಟಕಿ ಪರದೆಯ ಅಂಚು ಕಪ್ಪಾಯಿತು. ನನ್ನ ಹೆಂಡತಿ ಒದ್ದೆ ಟವೆಲ್ ಮುಚ್ಚಿ ಆರಿಸಿದಳು.

ಆ ರಾತ್ರಿಯೇ ಹೊಸ ಒಲೆ ಹುಡುಕಲು ಕೂತೆ. ಓವನ್ ಇರುವ, ಪಳಪಳ ಹೊಳೆಯುವ ಸ್ಟೀಲ್ ಗ್ಯಾಸ್ ಒಲೆಯೊಂದು ಕಣ್ಣಿಗೆ ಬಿತ್ತು. ಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಆ ಒಲೆಗೆ ಬೇಕಾದ ಸಿಲಿಂಡರ್ ಇಡಲು ನಮ್ಮ ದೋಣಿಯಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಮನೆಗೆ ಒಲೆ ತರುವಾಗ ಅಂಗಡಿಗೆ ಹೋಗಿ ಒಲೆ ನೋಡುತ್ತೇವೆ. ದೋಣಿಗೆ ಹಾಗಲ್ಲ. ಮೊದಲು ನಿಮ್ಮ ಅಡುಗೆಯ ಲೆಕ್ಕ. ಆಮೇಲೆ ದೋಣಿ ಏನನ್ನು ಒಪ್ಪುತ್ತದೆ ಎಂಬುದು. ಅದಾದ ಮೇಲೆ ಇಂಧನ. ಒಲೆ ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಹಂತ 1: ಏನು ಬೇಯಿಸುತ್ತೀರಿ, ಬರೆದಿಡಿ

ಹಳೆಯ ಒಲೆಯಲ್ಲೋ ಕ್ಯಾಂಪಿಂಗ್ ಒಲೆಯಲ್ಲೋ ಎರಡು ಮೂರು ಸಲ ಹೋಗಿ ಬನ್ನಿ. ಪ್ರತಿ ದಿನ ಏನೇನು ಮಾಡಿದಿರಿ ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಎಷ್ಟು ನೀರು ಕುದಿಸಿದಿರಿ, ಕುಕ್ಕರ್ ಎಷ್ಟು ಹೊತ್ತು ಇಟ್ಟಿರಿ, ಎಷ್ಟು ಜನ ಇದ್ದಿರಿ. ಇಷ್ಟು ಸಾಕು.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬೇಕು. ಒಲೆಯ ಶಾಖದಲ್ಲಿ ಅರ್ಧ ಪಾತ್ರೆಗೆ ಸೇರುತ್ತದೆ, ಉಳಿದರ್ಧ ಗಾಳಿಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಆಗ ಬೇಕಾಗುವುದು ಸುಮಾರು 15 ಗ್ರಾಂ ಗ್ಯಾಸ್. ಇಲ್ಲವೇ 20 ಮಿಲಿ ಸೀಮೆಎಣ್ಣೆ. ಇಲ್ಲವೇ 32 ಮಿಲಿ ಆಲ್ಕೋಹಾಲ್. ಇಂಡಕ್ಷನ್‌ನಲ್ಲಿ ವ್ಯರ್ಥ ಕಡಿಮೆ, ಹಾಗಾಗಿ 0.11 ಯೂನಿಟ್ ಕರೆಂಟ್ ಸಾಕು. ಆಲ್ಕೋಹಾಲ್ ಯಾಕೆ ಅಷ್ಟು ಬೇಕು? ಅದರಲ್ಲಿ ಶಕ್ತಿಯೇ ಕಡಿಮೆ. ಲೀಟರಿಗೆ ಲೀಟರ್ ಹೋಲಿಸಿದರೆ ಸೀಮೆಎಣ್ಣೆಯ ಮುಕ್ಕಾಲು ಭಾಗವೂ ಇಲ್ಲ.

ನಾವಿಬ್ಬರು ಇದೇ ಕೊಲ್ಲಿಯ ಏಂಜೆಲ್ ಐಲೆಂಡ್ ದ್ವೀಪದ ಅಯಾಲಾ ಕೋವ್‌ನಲ್ಲಿ ಬೋಯ್‌ಗೆ, ಅಂದರೆ ನೀರಲ್ಲಿ ತೇಲುವ ಬುರುಡೆಗೆ, ದೋಣಿ ಕಟ್ಟಿ ಒಂದು ರಾತ್ರಿ ಉಳಿಯುತ್ತೇವೆ. ಬೆಳಗ್ಗೆ ಕಾಫಿ, ಉಪ್ಪಿಟ್ಟು. ಸಂಜೆ ಮತ್ತೆ ಕಾಫಿ. ರಾತ್ರಿ ಅನ್ನ, ಸಾರು, ಒಂದು ಪಲ್ಯ. ಪಾತ್ರೆ ತೊಳೆಯಲು ಬಿಸಿನೀರು. ಇದಕ್ಕೆ ದಿನಕ್ಕೆ 300 ಮಿಲಿ ಆಲ್ಕೋಹಾಲ್ ಹೋಗುತ್ತದೆ. ಗ್ಯಾಸ್ ಲೆಕ್ಕದಲ್ಲಿ ಸುಮಾರು 140 ಗ್ರಾಂ. ಕರೆಂಟ್ ಲೆಕ್ಕದಲ್ಲಿ ಒಂದು ಯೂನಿಟ್.

ಈಗ ನಿಮ್ಮ ಪಯಣ ಎಷ್ಟು ದಿನದ್ದು ನೋಡಿ. ವಾರಾಂತ್ಯಕ್ಕೆ ಒಂದು ಲೀಟರ್ ಆಲ್ಕೋಹಾಲ್ ಇದ್ದರೆ ಮಿಗುತ್ತದೆ. ಮೆಕ್ಸಿಕೊ ಕಡೆಗೆ ಒಂದು ತಿಂಗಳು ಹೊರಟರೆ ಒಂಬತ್ತು ಹತ್ತು ಲೀಟರ್ ಹೊರಬೇಕು. ಅದೇ ಕೆಲಸಕ್ಕೆ 4.5 ಕೆಜಿಯ ಒಂದೇ ಸಣ್ಣ ಗ್ಯಾಸ್ ಸಿಲಿಂಡರ್ ಸಾಕು.

ನಮ್ಮ ಅಡುಗೆಗೆ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿನ ಹಳೆ ನಾವಿಕರು ಓವನ್ ಬೇಕೇ ಬೇಕು ಅನ್ನುತ್ತಾರೆ. ಅವರಿಗೆ ಬ್ರೆಡ್ ಸುಡಬೇಕು. ನಮಗೆ ಓವನ್‌ಗಿಂತ ಎರಡನೇ ಬರ್ನರ್ ಮುಖ್ಯ. ಒಂದರಲ್ಲಿ ಕುಕ್ಕರ್, ಇನ್ನೊಂದರಲ್ಲಿ ಸಾರು. ನಿಮ್ಮ ಪುಸ್ತಕದಲ್ಲಿ ಓವನ್ ಒಂದು ಸಲವೂ ಬರದಿದ್ದರೆ ಸುಮ್ನೆ ಅದಕ್ಕೆ ದುಡ್ಡು, ಜಾಗ ಕೊಡಬೇಡಿ.

ಹಂತ 2: ದೋಣಿಯನ್ನು ಕೇಳಿ

ಗ್ಯಾಸ್ ಗಾಳಿಗಿಂತ ಭಾರ. ಪ್ರೋಪೇನ್ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಡುತ್ತದೆ, ಬಾಗಿಲು ತೆರೆದರೆ ಹೊರಗೆ ಹೋಗುತ್ತದೆ. ದೋಣಿ ಅಂದರೆ ನೀರು ಒಳಗೆ ಬರದ ಹಾಗೆ ಮಾಡಿದ ಬಟ್ಟಲು. ಆ ಬಟ್ಟಲಿನ ತಳದಲ್ಲಿ ಕೂತ ಗ್ಯಾಸ್‌ಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದು ಬಿಲ್ಜ್‌ನಲ್ಲಿ, ಅಂದರೆ ನೆಲಹಲಗೆಯ ಕೆಳಗಿನ ಗುಂಡಿಯಲ್ಲಿ ನಿಲ್ಲುತ್ತದೆ. ಒಂದು ಕೆಜಿ ಪ್ರೋಪೇನ್ ಸೋರಿದರೆ 500 ಲೀಟರಿಗೂ ಜಾಸ್ತಿ ಆವಿಯಾಗುತ್ತದೆ. ಗಾಳಿಯಲ್ಲಿ ಅದು 2 ಪರ್ಸೆಂಟ್ ಸೇರಿದರೆ ಸಾಕು, ಬಿಲ್ಜ್ ಪಂಪಿನ ಸ್ವಿಚ್ಚಿನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಾಗಾಗಿ ಗ್ಯಾಸ್ ಬೇಕು ಅನ್ನುವವರು ಮೊದಲು ನೋಡಬೇಕಾದದ್ದು ಸಿಲಿಂಡರ್ ಇಡುವ ಪೆಟ್ಟಿಗೆ. ಅದರ ಬಾಗಿಲು ಮೇಲಕ್ಕೆ, ಹೊರಗಾಳಿಗೆ ಮಾತ್ರ ತೆರೆಯಬೇಕು. ದೋಣಿಯ ಒಳಭಾಗಕ್ಕೆ ಒಂದು ಬಿರುಕೂ ಇರಬಾರದು. ತಳದಲ್ಲಿ ಒಂದು ಕೊಳವೆ ಇರಬೇಕು. ದೋಣಿಗಳ ಸುರಕ್ಷತೆಗೆ ನಿಯಮ ಬರೆಯುವ ಅಮೆರಿಕದ ಸಂಸ್ಥೆ ಎಬಿವೈಸಿಯ ಪ್ರಕಾರ ಅದರ ಒಳ ಅಗಲ ಕನಿಷ್ಠ ಅರ್ಧ ಇಂಚು. ಅದು ಇಳಿಜಾರಾಗಿ ಹೋಗಿ ನೀರಿನ ಮಟ್ಟಕ್ಕಿಂತ ಮೇಲೆ ಹೊರಗೆ ತೆರೆಯಬೇಕು. ಅದರ ಬಾಯಿಂದ 20 ಇಂಚಿನ ಒಳಗೆ ದೋಣಿಯೊಳಕ್ಕೆ ಹೋಗುವ ಬೇರೆ ತೂತು ಇರಬಾರದು. ಕೊಳವೆ ಎಲ್ಲೂ ಜೋತುಬೀಳಬಾರದು. ಜೋತುಬಿದ್ದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಗ್ಯಾಸ್ ಇಳಿಯುವುದಿಲ್ಲ.

ನಮ್ಮ ದೋಣಿಯ ಲಾಕರ್‌ಗಳೆಲ್ಲ ಒಳಗೆ ಬಿಲ್ಜ್‌ಗೆ ತೆರೆದಿದ್ದವು. ಹೊಸದಾಗಿ ಪೆಟ್ಟಿಗೆ ಕೂರಿಸಲು ಕಾಕ್‌ಪಿಟ್‌ನಲ್ಲಿ, ಅಂದರೆ ಕೂತು ದೋಣಿ ನಡೆಸುವ ತೆರೆದ ಜಾಗದಲ್ಲಿ, ಸ್ಥಳ ಸಾಲಲಿಲ್ಲ. ಅಲ್ಲಿಗೆ ನಮಗೆ ಗ್ಯಾಸಿನ ಮಾತು ಮುಗಿಯಿತು. 'ಸಣ್ಣ ಸಿಲಿಂಡರ್ ತಾನೇ, ಒಲೆ ಕೆಳಗೇ ಇಟ್ಟರಾಯಿತು' ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಕ್ಯಾಂಪಿಂಗ್ ಒಲೆಯ 220 ಗ್ರಾಂ ಬ್ಯೂಟೇನ್ ಡಬ್ಬಿಗೂ ಇದೇ ನಿಯಮ. ಬಳಸಿ ಮುಗಿದ ಕೂಡಲೇ ಅದನ್ನು ಒಲೆಯಿಂದ ಬಿಚ್ಚಿ ಹೊರಗಿನ ಜಾಗದಲ್ಲಿಡಬೇಕು.

ಇದೇ ಹೊತ್ತಿಗೆ ಟೇಪ್ ಹಿಡಿದು ಒಲೆಯ ಜಾಗವನ್ನೂ ಅಳೆದುಬಿಡಿ. ಅಗಲ, ಎತ್ತರ, ಆಳ. ಜೊತೆಗೆ ಒಲೆ ಹಿಂದೆ ಮುಂದೆ ತೂಗಾಡಲು ಎಷ್ಟು ಜಾಗ ಇದೆ ಅನ್ನುವುದು.

ಹಂತ 3: ಇಂಧನ ಆರಿಸಿ

ಗ್ಯಾಸ್. ಪೆಟ್ಟಿಗೆಗೆ ಜಾಗವಿದ್ದು, ತಿಂಗಳುಗಟ್ಟಲೆ ಹೋಗುವವರಾದರೆ ಇದಕ್ಕೆ ಸಮ ಬೇರೆ ಇಲ್ಲ. ಕಡ್ಡಿ ಗೀರಿದ ಕೂಡಲೇ ಉರಿ. ದೊಡ್ಡ ಉರಿ, ಸಣ್ಣ ಉರಿ ಕೈಯಲ್ಲಿ. ನಾಲ್ಕೈದು ನಿಮಿಷಕ್ಕೆ ಒಂದು ಲೀಟರ್ ಕುದಿಯುತ್ತದೆ. ಯಾವ ದೇಶಕ್ಕೆ ಹೋದರೂ ಸಿಗುತ್ತದೆ.

ಆದರೆ ದೇಶ ಬದಲಾದರೆ ಸಿಲಿಂಡರಿನ ಬಾಯಿ ಬದಲಾಗುತ್ತದೆ, ಒಳಗಿನ ಗ್ಯಾಸೂ ಬದಲಾಗುತ್ತದೆ. ಅಮೆರಿಕದಲ್ಲಿ ಸಿಗುವುದು ಬಹುಪಾಲು ಪ್ರೋಪೇನ್. ನಮ್ಮೂರಿನ ಗ್ಯಾಸ್ ಪ್ರೋಪೇನ್, ಬ್ಯೂಟೇನ್ ಎರಡರ ಮಿಶ್ರಣ. ಪ್ರೋಪೇನ್ −42 ಡಿಗ್ರಿಯಲ್ಲೇ ಆವಿಯಾಗುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಏಳುವುದೇ ಇಲ್ಲ. ಚಳಿಯಲ್ಲಿ ಬ್ಯೂಟೇನ್ ಡಬ್ಬಿಯ ಉರಿ ಸೊರಗುವುದು ಇದಕ್ಕೇ. 20 ಡಿಗ್ರಿಯಲ್ಲಿ ಪ್ರೋಪೇನ್ ಸಿಲಿಂಡರಿನ ಒತ್ತಡ ಸುಮಾರು 8 ಬಾರ್, ಬ್ಯೂಟೇನ್‌ದು ಸುಮಾರು 2. ಅದಕ್ಕೇ ಬ್ಯೂಟೇನ್‌ಗೆ ಮಾಡಿದ ಸಿಲಿಂಡರಿಗೆ ಪ್ರೋಪೇನ್ ತುಂಬಿಸಲೇಬಾರದು.

ಗೋವಾ, ಕೊಚ್ಚಿ, ಕಾರವಾರದ ಕಡೆ ದೋಣಿ ಇಟ್ಟುಕೊಂಡವರಿಗೆ ಮನೆಯ 14.2 ಕೆಜಿ ಸಿಲಿಂಡರ್ ತೀರಾ ದೊಡ್ಡದು. 5 ಕೆಜಿಯದು ಸರಿಹೋಗುತ್ತದೆ. ಇಂಡೇನ್‌ನ 'ಛೋಟು' ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ, ವಿಳಾಸದ ಪುರಾವೆ ಬೇಡ. ಊರಿಂದ ಊರಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ, ಅಲ್ವಾ?

ಆಲ್ಕೋಹಾಲ್. ಇದರಲ್ಲಿ ಎರಡು ಜಾತಿ. ಒಂದು, ನಮ್ಮ ಪರದೆ ಸುಟ್ಟಂಥದ್ದು, ಒತ್ತಡದ್ದು. ಸೆಕೆಂಡ್‌ಹ್ಯಾಂಡ್ ದೋಣಿಯಲ್ಲಿ ಅದು ಬಂದರೆ ತೆಗೆದುಹಾಕಿ. ಇನ್ನೊಂದು, ಒತ್ತಡ ಇಲ್ಲದ್ದು. ಅದರ ಡಬ್ಬಿಯೊಳಗೆ ಹತ್ತಿಯಂಥ ವಸ್ತು ತುಂಬಿರುತ್ತದೆ. ಆಲ್ಕೋಹಾಲನ್ನು ಅದು ಹೀರಿಕೊಳ್ಳುತ್ತದೆ. ಮೇಲಿಂದ ಬರುವ ಆವಿ ಮಾತ್ರ ಉರಿಯುತ್ತದೆ. ಪಂಪ್ ಇಲ್ಲ, ನಳಿಕೆ ಇಲ್ಲ, ಕೆಡುವ ಭಾಗವೇ ಇಲ್ಲ. ಒರಿಗೋ ಒಲೆಗಳು ಹೀಗೇ ಕೆಲಸ ಮಾಡುತ್ತಿದ್ದವು. ಈಗ ಅವುಗಳ ತಯಾರಿ ನಿಂತಿದೆ, ಹಳೆಯವು ಸಿಗುತ್ತವೆ. ಅದೇ ಬಗೆಯ ಹೊಸದು ಕುಕ್‌ಮೇಟ್. ಒಂದು ಡಬ್ಬಿಗೆ ಸುಮಾರು 1.2 ಲೀಟರ್ ಹಿಡಿಯುತ್ತದೆ.

ನಾವು ಇದನ್ನೇ ಹಾಕಿಸಿದೆವು. ನಿಧಾನ ನಿಜ. ಒಂದು ಲೀಟರ್ ಕುದಿಯಲು ಹತ್ತಿರ ಹತ್ತಿರ ಹತ್ತು ನಿಮಿಷ. ಆದರೆ ದೋಣಿಯೊಳಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ವಾರಾಂತ್ಯದ ದೋಣಿಗೆ ನನ್ನ ಮೊದಲ ಸಲಹೆ ಇದೇ.

ಆದರೆ ಇದಕ್ಕೂ ಶಿಸ್ತು ಬೇಕು. ಆಲ್ಕೋಹಾಲಿನ ಉರಿ ಹಗಲು ಬೆಳಕಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಡಬ್ಬಿಗೆ ತುಂಬಿಸಲು ಹೋಗಬೇಡಿ. ಡಬ್ಬಿ ತೆಗೆದು, ಪೂರ್ತಿ ತಣ್ಣಗಾಗಲು ಬಿಟ್ಟು, ಹೊರಗೆ ಕಾಕ್‌ಪಿಟ್‌ನಲ್ಲಿ ತುಂಬಿಸಿ. ಅಡುಗೆ ಮುಗಿದ ಮೇಲೆ ಡಬ್ಬಿಯ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಇಲ್ಲದಿದ್ದರೆ ಮುಂದಿನ ವಾರ ಬರುವಷ್ಟರಲ್ಲಿ ಅರ್ಧ ಆರಿಹೋಗಿರುತ್ತದೆ. ಇನ್ನೊಂದು, ಒಂದು ಲೀಟರ್ ಆಲ್ಕೋಹಾಲ್ ಉರಿದರೆ ಸುಮಾರು 900 ಮಿಲಿ ನೀರು ಆವಿಯಾಗಿ ಕ್ಯಾಬಿನ್ ಸೇರುತ್ತದೆ. ಚಳಿಯ ರಾತ್ರಿ ಕಿಟಕಿ ಮುಚ್ಚಿದ್ದರೆ ಗೋಡೆ ಬೆವರುತ್ತದೆ, ಹಾಸಿಗೆ ತೇವವಾಗುತ್ತದೆ.

ಎಲ್ಲಿ ಸಿಗುತ್ತದೆ ಅಂತಲೂ ಮೊದಲೇ ವಿಚಾರಿಸಿ. ಕ್ಯಾಲಿಫೋರ್ನಿಯಾದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗ ಈ ಒಲೆಗೆ ಬೇಕಾದ ಡಿನೇಚರ್ಡ್ ಆಲ್ಕೋಹಾಲ್, ಅಂದರೆ ಕುಡಿಯಲಾಗದಂತೆ ಮಾಡಿದ ಸ್ಪಿರಿಟ್, ಹುಡುಕುವುದೇ ಕಷ್ಟ. ದೋಣಿ ಸಾಮಾನಿನ ಅಂಗಡಿಗೇ ಹೋಗಬೇಕು. ಭಾರತದಲ್ಲಿ ಸ್ಪಿರಿಟ್ ಅಬಕಾರಿ ಕಾನೂನಿಗೆ ಒಳಪಡುತ್ತದೆ, ಲೀಟರ್‌ಗಟ್ಟಲೆ ಕೊಳ್ಳುವುದು ಸುಲಭವಲ್ಲ. ಅಲ್ಲಿಯ ದೋಣಿಗೆ ಇದನ್ನು ನಾನು ಹೇಳಲಾರೆ.

ಸೀಮೆಎಣ್ಣೆ. ಪಂಪ್ ಸ್ಟೌ ನೋಡಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಸ್ಪಿರಿಟ್ ಹಾಕಿ ಬರ್ನರ್ ಕಾಯಿಸುವುದು, ಪಂಪ್ ಹೊಡೆಯುವುದು, ಉರಿ ಕಟ್ಟಿದರೆ ಪಿನ್ ಹಾಕುವುದು. ಅದರ ಮೂಲ 1892ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್ ಒಲೆ. ದೂರ ಹೋಗುವ ಹಾಯಿದೋಣಿಗಳಲ್ಲಿ ದಶಕಗಳ ಕಾಲ ಇದೇ ಬಗೆಯ ಒಲೆ ಉರಿಯಿತು. ಉರಿ ಜೋರು, ಎಣ್ಣೆ ಕಡಿಮೆ ಸಾಕು, ಸಿಡಿಯುವ ಭಯ ಕಡಿಮೆ. ಆದರೆ ಬರ್ನರ್ ಸರಿಯಾಗಿ ಕಾಯದೆ ಎಣ್ಣೆ ಬಿಟ್ಟರೆ ಹಳದಿ ಉರಿ ಮೇಲೇಳುತ್ತದೆ, ಮಸಿ ಹಿಡಿಯುತ್ತದೆ. ವಾಸನೆ ಬಟ್ಟೆಗೆ ಅಂಟುತ್ತದೆ. ಕಡಲು ಏರಿಳಿಯುವಾಗ ಆ ವಾಸನೆಗೇ ಹೊಟ್ಟೆ ತೊಳಸುತ್ತದೆ. ಕೈ ಪಳಗಿದವರಿಗೆ ಮಾತ್ರ.

ಡೀಸೆಲ್. ಇಂಜಿನ್ನಿನ ಟ್ಯಾಂಕಿನ ಎಣ್ಣೆಯೇ ಒಲೆಗೂ ಆಗುತ್ತದೆ. ಫಿನ್ಲೆಂಡಿನ ವಾಲಸ್, ಕೆನಡಾದ ಡಿಕಿನ್ಸನ್ ಹೆಸರಾದವು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವುದರಿಂದ ಒಳಗೆ ತೇವ ಇಲ್ಲ, ಕ್ಯಾಬಿನ್ ಬೆಚ್ಚಗಿರುತ್ತದೆ. ಚಳಿದೇಶಕ್ಕೆ ಒಳ್ಳೆಯದು. ಮಲ್ಪೆ ಮಂಗಳೂರಿನ ಸೆಕೆಯಲ್ಲಿ ಒಳಗೆ ಕೂರಲಾಗದು.

ಕರೆಂಟ್. ಹೊಸ ಲಿಥಿಯಂ ಬ್ಯಾಟರಿ ಬಂದ ಮೇಲೆ ಇಂಡಕ್ಷನ್ ನಿಜವಾದ ಆಯ್ಕೆಯಾಗಿದೆ. ಲೆಕ್ಕ ಮಾತ್ರ ಗಟ್ಟಿಯಾಗಿ ಹಾಕಿ. 1800 ವ್ಯಾಟ್ ಒಲೆ ಪೂರ್ತಿ ಉರಿಯುವಾಗ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಅದಕ್ಕೆ ತಕ್ಕ ದಪ್ಪ ತಂತಿ, ಫ್ಯೂಸ್, ಇನ್ವರ್ಟರ್ ಬೇಕು. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 1.28 ಯೂನಿಟ್. ನಮ್ಮ ಒಂದು ದಿನದ ಅಡುಗೆಗೇ ಅದು ಹೆಚ್ಚುಕಡಿಮೆ ಖಾಲಿ. 200 ವ್ಯಾಟ್ ಸೋಲಾರ್ ಒಳ್ಳೆ ಬಿಸಿಲಲ್ಲಿ ದಿನಕ್ಕೆ 0.8 ಯೂನಿಟ್ ಕೊಟ್ಟೀತು. ಮೂರು ದಿನ ಮಂಜು ಮುಸುಕಿದರೆ? ಅದಕ್ಕೇ ಇಂಡಕ್ಷನ್ ಹಾಕಿದವರೂ ಇನ್ನೊಂದು ಸಣ್ಣ ಒಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 4: ಈಗ ಒಲೆ

ಹಾಯಿದೋಣಿ ಗಾಳಿಗೆ ವಾಲಿಕೊಂಡೇ ಹೋಗುತ್ತದೆ. 20 ಡಿಗ್ರಿ ವಾಲುವುದು ದಿನನಿತ್ಯದ ಮಾತು. ಹಾಗಾಗಿ ಒಲೆ ಗಿಂಬಲ್ ಮೇಲೆ, ಅಂದರೆ ಎರಡು ಬದಿಯ ಗೂಟದ ಮೇಲೆ ತೊಟ್ಟಿಲಿನ ಹಾಗೆ ತೂಗಬೇಕು. ದೋಣಿ ವಾಲಿದರೂ ಒಲೆ ಮಟ್ಟವಾಗಿ ನಿಲ್ಲುತ್ತದೆ. ಗೂಟಗಳ ಗೆರೆ ದೋಣಿಯ ಮೂತಿಯಿಂದ ಹಿಂಭಾಗದ ಕಡೆಗೆ ಇರಬೇಕು. ಅಡ್ಡಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಗೂಟ ಬರ್ನರಿನ ಮಟ್ಟಕ್ಕೆ ಹತ್ತಿರ ಇರಲಿ, ಭಾರ ಅದರ ಕೆಳಗಿರಲಿ. ಕುಕ್ಕರ್ ತುಂಬಿಟ್ಟಾಗಲೂ ತಲೆಕೆಳಗಾಗದಂತೆ ನೋಡಬೇಕು. ಕೊಳ್ಳುವ ಮುನ್ನ ಅಂಗಡಿಯಲ್ಲಿ ನೀರು ತುಂಬಿದ ಪಾತ್ರೆ ಇಟ್ಟು ಕೈಯಲ್ಲಿ ತೂಗಿ ನೋಡಿ. ಎರಡೂ ಕಡೆ 30 ಡಿಗ್ರಿ ಯಾವುದಕ್ಕೂ ತಗಲದೆ ತೂಗಬೇಕು. ನಿಂತ ದೋಣಿಯಲ್ಲಿ ಬಳಸಲು ಒಂದು ಚಿಲಕವೂ ಬೇಕು.

ಒಲೆಯ ಸುತ್ತ ಕಂಬಿ, ಪಾತ್ರೆ ಹಿಡಿಯುವ ಹಿಡಿಕಟ್ಟು ಇರಲೇಬೇಕು. ಕುಕ್ಕರನ್ನು ಜೊತೆಗೇ ಒಯ್ಯಿರಿ. ಅದರ ಉದ್ದನೆಯ ಹಿಡಿ ಕಂಬಿಗೆ ತಾಗುತ್ತದಾ, ಎರಡೂ ಬರ್ನರ್ ಮೇಲೆ ಒಟ್ಟಿಗೆ ಪಾತ್ರೆ ಹಿಡಿಸುತ್ತದಾ, ನೋಡಿ. ಗ್ಯಾಸ್ ಒಲೆಯಾದರೆ ಉರಿ ಆರಿದ ಕೂಡಲೇ ತಾನಾಗಿ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಪ್ರತಿ ಬರ್ನರಿಗೂ ಇರಬೇಕು. ಹ್ಯಾಚ್‌ನಿಂದ, ಅಂದರೆ ಮೇಲಿನ ಕಿಂಡಿಯಿಂದ, ಗಾಳಿ ಬೀಸಿ ಉರಿ ಆರುವುದು ಆಗಾಗ ಆಗುತ್ತದೆ.

ಮನೆಯ ಒಲೆ ತಂದು ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅದಕ್ಕೆ ಗಿಂಬಲ್ ಇಲ್ಲ. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಹಂತ 5: ಗ್ಯಾಸ್ ಹಾಕುವುದು, ಪರೀಕ್ಷಿಸುವುದು

ಗೆಳೆಯರೊಬ್ಬರ 36 ಅಡಿ ದೋಣಿಗೆ ಗ್ಯಾಸ್ ಹಾಕುವಾಗ ಎರಡು ವಾರಾಂತ್ಯ ಜೊತೆಗಿದ್ದೆ. ಒಲೆ ಕೂರಿಸಿದ್ದು ಅರ್ಧ ದಿನ. ಉಳಿದದ್ದೆಲ್ಲ ಪೆಟ್ಟಿಗೆ, ಕೊಳವೆ, ಪರೀಕ್ಷೆಗೇ ಹೋಯಿತು. ಅದು ಸರಿಯೇ.

ಪೆಟ್ಟಿಗೆಯೊಳಗೆ ಬರಬೇಕಾದದ್ದು ಈ ಸಾಲಿನಲ್ಲಿ: ಸಿಲಿಂಡರ್, ಒತ್ತಡ ತೋರಿಸುವ ಗೇಜ್, ರೆಗ್ಯುಲೇಟರ್, ಸೊಲೆನಾಯ್ಡ್. ಈ ಕೊನೆಯದು ಒಲೆಯ ಹತ್ತಿರದ ಸ್ವಿಚ್ಚಿನಿಂದ ಗ್ಯಾಸನ್ನು ಪೆಟ್ಟಿಗೆಯಲ್ಲೇ ನಿಲ್ಲಿಸುವ ಕವಾಟ. ಸ್ವಿಚ್ಚನ್ನು ಒಲೆಯ ಹಿಂದೆ ಹಾಕಬೇಡಿ. ಬೆಂಕಿಯ ಮೇಲೆ ಕೈ ಚಾಚದೆ ಸಿಗುವಂತಿರಲಿ. ಪೆಟ್ಟಿಗೆಯಿಂದ ಒಲೆಯವರೆಗೆ ಒಂದೇ ಕೊಳವೆ, ನಡುವೆ ಜೋಡಣೆ ಬೇಡ. ಗೋಡೆ ದಾಟುವಲ್ಲಿ ಸವೆಯದಂತೆ ರಬ್ಬರ್ ಬಳೆ. ಒಲೆ ತೂಗುವುದರಿಂದ ಕೊನೆಯ ತುಂಡು ಬಾಗುವಂಥದ್ದಾಗಿರಬೇಕು. ಒಲೆಯನ್ನು ಎರಡೂ ಕಡೆಗೆ ತೂಗಿ ಅದು ಬಿಗಿಯಾಗುತ್ತದಾ, ಸಿಕ್ಕಿಕೊಳ್ಳುತ್ತದಾ ನೋಡಿ.

ಪರೀಕ್ಷೆ ಹೀಗೆ. ಬರ್ನರ್ ಎಲ್ಲ ಮುಚ್ಚಿರಲಿ. ಸೊಲೆನಾಯ್ಡ್‌ನ ಸ್ವಿಚ್ ಆನ್ ಮಾಡಿ. ಸಿಲಿಂಡರ್ ತೆರೆದು ಗೇಜ್ ಏರಲು ಬಿಡಿ. ಈಗ ಸಿಲಿಂಡರ್ ಮಾತ್ರ ಮುಚ್ಚಿ. ಗೇಜಿನ ಮುಳ್ಳು ಎಲ್ಲಿದೆ ಗುರುತಿಟ್ಟುಕೊಳ್ಳಿ. ಎಬಿವೈಸಿ ಹೇಳುವುದು ಕನಿಷ್ಠ ಮೂರು ನಿಮಿಷ. ನಾನು ಕಾಲು ಗಂಟೆ ಕಾಯುತ್ತೇನೆ. ಮುಳ್ಳು ಕದಲದಿದ್ದರೆ ಸರಿ. ಒಂದು ಕೂದಲೆಳೆ ಇಳಿದರೂ ಸೋರಿಕೆ ಇದೆ ಅಂತಲೇ ಅರ್ಥ. ಆಗ ಸಿಲಿಂಡರ್ ಮತ್ತೆ ತೆರೆದು ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಅಮೋನಿಯಾ ಇಲ್ಲದ ಸೋಪು ಬಳಸಿ, ಅಮೋನಿಯಾ ಹಿತ್ತಾಳೆಯನ್ನು ಬಿರಿಯಿಸುತ್ತದೆ. ಕಡ್ಡಿ ಗೀರಿ ನೋಡುವುದಂತೂ ಬೇಡವೇ ಬೇಡ. ಗೆಳೆಯರ ದೋಣಿಯಲ್ಲಿ ಮೊದಲ ಸಲ ಮುಳ್ಳು ಇಳಿಯಿತು. ಕೆಲಸದವರು ಬಿಗಿ ಮಾಡಿ ಹೋಗಿದ್ದ ಒಲೆಯ ಹಿಂದಿನ ಜೋಡಣೆಯೇ ಸೋರುತ್ತಿತ್ತು. ಯಾರು ಮಾಡಿದ ಕೆಲಸವೇ ಆಗಲಿ, ಪರೀಕ್ಷೆ ನೀವೇ ಮಾಡಿ. ಹದಿನೈದು ದಿನಕ್ಕೊಮ್ಮೆ ಮತ್ತೆ ಮಾಡಿ.

ಹಂತ 6: ಗಾಳಿ, ಅಲಾರಂ, ಬೆಂಕಿ

ಯಾವ ಉರಿಯೂ ಕ್ಯಾಬಿನ್ನಿನ ಆಮ್ಲಜನಕವನ್ನೇ ತಿನ್ನುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಮಾಡುವಾಗ ಎರಡು ಕಡೆ ತೆರೆದಿರಲಿ. ಚಳಿ ಕಾಯಿಸಲು ಒಲೆ ಉರಿಸಿಟ್ಟು ಮಲಗಬೇಡಿ. ಈ ವಿಷಾನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಅದಕ್ಕೇ ಅದರ ಅಲಾರಂ ಮಲಗುವ ಜಾಗದ ಹತ್ತಿರ, ತಲೆಯ ಮಟ್ಟದಲ್ಲಿ. ಅಡುಗೆ ಗ್ಯಾಸಿನ ಅಲಾರಂ ಕೆಳಗೆ, ಬಿಲ್ಜ್‌ನ ಹತ್ತಿರ, ಆದರೆ ನೀರು ತಾಗದ ಎತ್ತರದಲ್ಲಿ. ಎರಡನ್ನೂ ಒಂದೇ ಕಡೆ ಹಾಕಿದರೆ ಒಂದು ಕೆಲಸಕ್ಕೆ ಬಾರದು.

ಬೆಂಕಿ ಆರಿಸುವ ಸಿಲಿಂಡರ್, ಬೆಂಕಿ ಮುಚ್ಚುವ ಕಂಬಳಿ ಒಲೆಯ ಪಕ್ಕದಲ್ಲಲ್ಲ, ಹೊರಗೆ ಹೋಗುವ ದಾರಿಯಲ್ಲಿರಲಿ. ಸಿಲಿಂಡರಿನ ತಯಾರಿ ವರ್ಷ ನೋಡಿ. ಒಮ್ಮೆ ಬಳಸಿ ಎಸೆಯುವಂಥದ್ದು 12 ವರ್ಷ ದಾಟಿದರೆ ಅಮೆರಿಕದಲ್ಲಿ 2022ರಿಂದ ಲೆಕ್ಕಕ್ಕಿಲ್ಲ. ಗ್ಯಾಸ್ ಬೆಂಕಿಗೆ ಮೊದಲ ಕೆಲಸ ಗ್ಯಾಸ್ ನಿಲ್ಲಿಸುವುದು. ಆಲ್ಕೋಹಾಲ್ ಬೆಂಕಿಗೆ ಕಂಬಳಿ ಅಥವಾ ಮುಚ್ಚಳ. ಒಂದು ಲೋಟ ನೀರು ಎರಚಿದರೆ ಉರಿಯುವ ಆಲ್ಕೋಹಾಲ್ ನೀರಿನ ಜೊತೆ ಹರಿದು ಬೇರೆ ಕಡೆಗೂ ಹರಡುತ್ತದೆ. ಮತ್ತೆ, ಒಲೆ ಮೇಲಿನ ಪರದೆ ಇವತ್ತೇ ತೆಗೆಯಿರಿ.

ಹಂತ 7: ವಾಲಿದ ದೋಣಿಯಲ್ಲಿ ಮೊದಲ ಅಡುಗೆ

ಮೊದಲು ಲಂಗರು ಹಾಕಿದಲ್ಲಿ ಒಂದು ಪೂರ್ತಿ ಊಟ ಮಾಡಿ ನೋಡಿ. ಆಮೇಲೆ ಹಾಯಿ ಏರಿಸಿ ಬರೀ ನೀರು ಕಾಯಿಸಿ. ಎಡಕ್ಕೆ ವಾಲಿದಾಗ ಒಮ್ಮೆ, ಬಲಕ್ಕೆ ವಾಲಿದಾಗ ಒಮ್ಮೆ. ಒಂದು ಬದಿಯಲ್ಲಿ ಚೆನ್ನಾಗಿ ತೂಗಿದ ಒಲೆ ಇನ್ನೊಂದು ಬದಿಯಲ್ಲಿ ಗೋಡೆಗೆ ಬಡಿಯುವುದು ಆಗಲೇ ಗೊತ್ತಾಗುವುದು.

ನಮ್ಮ ಅಡುಗೆಗೆ ದೋಣಿಯಲ್ಲಿ ಕುಕ್ಕರ್‌ಗಿಂತ ಒಳ್ಳೆಯ ಪಾತ್ರೆ ಇಲ್ಲ. ಮುಚ್ಚಳ ಬಿಗಿ. ಉರುಳಿದರೂ ಅನ್ನ ಚೆಲ್ಲುವುದಿಲ್ಲ. ಇಂಧನವೂ ಉಳಿಯುತ್ತದೆ. ಅಕ್ಕಿ, ಬೇಳೆ ಬೇರೆ ಬೇರೆ ಬಟ್ಟಲಲ್ಲಿಟ್ಟು ಮೂರು ಸಲ ಕೂಗಿಸಿ ಉರಿ ಆರಿಸಿ. ಉಳಿದದ್ದನ್ನು ಒಳಗಿನ ಶಾಖವೇ ಬೇಯಿಸುತ್ತದೆ.

ಭಯ ಇರುವುದು ಒಗ್ಗರಣೆಯದು. ಕಾದ ಎಣ್ಣೆ, ಸಿಡಿಯುವ ಸಾಸಿವೆ, ಓಲಾಡುವ ನೆಲ. ಇವು ಮೂರೂ ಒಟ್ಟಿಗೆ ಬೇಡ. ದಡ ಬಿಡುವ ಮೊದಲೇ ಸಾಸಿವೆ, ಕರಿಬೇವು, ಇಂಗು, ಒಣಮೆಣಸಿನ ಒಗ್ಗರಣೆ ಮಾಡಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಸಿಕೊಳ್ಳುತ್ತೇವೆ. ಸಾರು ಇಳಿಸಿದ ಮೇಲೆ ಒಂದು ಚಮಚ ಹಾಕಿದರೆ ಆಯಿತು.

ಓಡುವ ದೋಣಿಯಲ್ಲಿ ಬರಿಗಾಲಲ್ಲಿ ಒಲೆಯ ಮುಂದೆ ನಿಲ್ಲಬೇಡಿ. ಮಳೆಯ ಪ್ಯಾಂಟ್ ಹಾಕಿಕೊಂಡೇ ಅಡುಗೆ ಮಾಡಿ. ಕುದಿನೀರು ಚೆಲ್ಲಿದರೆ ಅದೇ ಕಾಲು ಕಾಯುತ್ತದೆ. ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಸುರಿಯಬೇಡಿ. ಸಿಂಕಿನೊಳಗೆ ಇಟ್ಟು ಅರ್ಧ ಮಾತ್ರ ತುಂಬಿಸಿ, ಆಮೇಲೆ ಮೇಲಿದ್ದವರ ಕೈಗೆ ಕೊಡಿ.